ಕಡಲಿಲ್ಲದ ಊರಿಗೆ ಹಡಗಿನ ಕಾರ್ಡು: ಯಾವ ಚಿತ್ರ, ಯಾವ ಅಳತೆ, ಯಾವ ಕಾಗದ?

ಕಲಬುರಗಿಯಾಗಲಿ ಬೀದರಾಗಲಿ, ಪ್ರೆಸ್ಸಿಗೆ ಹೋಗಿ ಶುಭಾಶಯದ ಕಾರ್ಡು ಮಾಡಿಸಬೇಕೆಂದರೆ ಮೊದಲು ಬರುವ ಪ್ರಶ್ನೆ "ಸೈಜ್ ಯಾವುದ್ರಿ?" ಎಂಬುದು. ಎರಡನೆಯದು "ಗ್ಲಾಸಿ ಬೇಕೋ, ಮ್ಯಾಟ್ ಬೇಕೋ?" ಚಿತ್ರದ ಮಾತು ಬರುವುದು ಕೊನೆಗೆ. ಗಣಪತಿಯೋ ಹೂವಿನ ಬಳ್ಳಿಯೋ ಆದರೆ ಈ ಕ್ರಮದಿಂದ ನಷ್ಟವಿಲ್ಲ, ಯಾವ ಅಳತೆಗಾದರೂ ಎಳೆದು ಕೂರಿಸಬಹುದು. ನೂರಾರು ವರ್ಷ ಹಿಂದಿನ ಸಮುದ್ರಚಿತ್ರಗಳಿಗೆ ಮಾತ್ರ ಇದು ಹೊಂದುವುದಿಲ್ಲ. ಅಂಚಿನಲ್ಲಿ ಒಂದು ಬೆರಳಗಲ ಕತ್ತರಿಸಿದರೆ ಹಡಗಿನ ಬಾವುಟ ಹೋಗುತ್ತದೆ, ಇಲ್ಲವೇ ಕಲಾವಿದನ ಸಹಿ ಹೋಗುತ್ತದೆ. ಆದ್ದರಿಂದ ಮೊದಲು ಚಿತ್ರ ಗೊತ್ತುಮಾಡಿ, ಅದರ ಉದ್ದಗಲದ ಪ್ರಮಾಣ ನೋಡಿ ಅಳತೆ ಹಿಡಿಯಿರಿ. ಕಾಗದದ ಆಯ್ಕೆ ಅದಾದ ಮೇಲೆ.

ಚಿತ್ರದಲ್ಲಿ ನಡೆಯುತ್ತಿರುವುದೇನು?

ಸಮುದ್ರಚಿತ್ರಗಳು ದೂರದಿಂದ ನೋಡಿದರೆ ಎಲ್ಲವೂ ಚೆಂದ. ಹತ್ತಿರ ಹೋದರೆ ಅರ್ಧಕ್ಕರ್ಧ ಚಿತ್ರಗಳಲ್ಲಿ ಯಾರೋ ಮುಳುಗುತ್ತಿರುತ್ತಾರೆ. ಸಂದರ್ಭಕ್ಕೆ ಹೊಂದುವ ಚಿತ್ರ ಹುಡುಕುವಾಗ ಹೆಚ್ಚು ಜನ ಎಡವುವುದು ಇಲ್ಲಿ.

ಇಂಗ್ಲೆಂಡಿನ ಕಲಾವಿದ ಟರ್ನರ್‌ನ ‘ದಿ ಫೈಟಿಂಗ್ ಟೆಮೆರೇರ್’ (1839, ಲಂಡನ್ನಿನ ನ್ಯಾಷನಲ್ ಗ್ಯಾಲರಿ) ನಿವೃತ್ತಿಯ ಕಾರ್ಡಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಕೆಂಪು ಸೂರ್ಯಾಸ್ತ, ಬೆಳ್ಳಗೆ ಹೊಳೆಯುವ ಹಳೆಯ ಯುದ್ಧನೌಕೆ, ಅದನ್ನು ಎಳೆದೊಯ್ಯುವ ಕರಿಯ ಪುಟ್ಟ ಉಗಿದೋಣಿ. 1805ರ ಟ್ರಫಾಲ್ಗರ್ ಕದನದಲ್ಲಿ ಹೋರಾಡಿದ ಹಡಗು ಅದು. ಆದರೆ 1838ರಲ್ಲಿ ಅದನ್ನು ಎಳೆದುಕೊಂಡು ಹೊರಟದ್ದು ಒಡೆದು ಮರ ಮಾರುವುದಕ್ಕೆ. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರಿಗೆ "ನಿಮ್ಮನ್ನೀಗ ಗುಜರಿಗೆ ಕಳಿಸುತ್ತಿದ್ದೇವೆ" ಎಂದು ಬಣ್ಣದಲ್ಲಿ ಹೇಳಿದಂತಾದೀತು. ಚಿತ್ರದ ಕಥೆ ಬಲ್ಲವರಿಗೆ ಕಳಿಸುವುದಾದರೆ ಎರಡು ಸಲ ಯೋಚಿಸಿ. ನಿವೃತ್ತಿಗೆ ನಮ್ಮ ಮೊದಲ ಆಯ್ಕೆ ಡಚ್ ಕಲಾವಿದ ವಿಲ್ಲೆಮ್ ವಾನ್ ಡೆ ವೆಲ್ಡೆ ಕಿರಿಯನ ‘ದಿ ಕ್ಯಾನನ್ ಶಾಟ್’ (ಸುಮಾರು 1680, ಆಮ್ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ). ಕನ್ನಡಿಯಂಥ ನೀರು, ಸಡಿಲಬಿಟ್ಟ ಹಾಯಿಗಳು, ಹಡಗಿನಿಂದ ಹಾರಿದ ಒಂದೇ ತೋಪಿನ ಹೊಗೆ. ಗೌರವದ ಕುಶಾಲತೋಪಿನಂತೆ ಕಾಣುತ್ತದೆ. ಅದೇ ಕಲಾವಿದನ, ಅದೇ ಕಾಲದ, ಹೆಚ್ಚೂಕಡಿಮೆ ಅದೇ ಅಳತೆಯ ‘ದಿ ಗಸ್ಟ್’ ಕೂಡ ಅದೇ ಸಂಗ್ರಹಾಲಯದಲ್ಲಿದೆ. ಅದರಲ್ಲಿರುವುದು ಬಿರುಗಾಳಿಗೆ ಸಿಕ್ಕಿ ವಾಲಿದ ಹಡಗು. ಹುಡುಕಿದಾಗ ಎರಡೂ ಒಟ್ಟಿಗೆ ಬರುತ್ತವೆ, ಹೆಸರು ನೋಡಿ ಇಳಿಸಿಕೊಳ್ಳಿ.

ಮದುವೆಯ ಕಾರ್ಡಿಗೆ ‘ದಾಂಪತ್ಯದ ನೌಕೆ’ ಎಂದು ಬರೆಸಿ ಜಪಾನಿನ ಹೊಕುಸಾಯ್‌ನ ‘ಕನಗಾವಾದ ಮಹಾ ಅಲೆ’ (ಸುಮಾರು 1831) ಹಾಕಿಸುವವರಿದ್ದಾರೆ. ಆ ಅಲೆಯ ಕೆಳಗೆ ಮೂರು ದೋಣಿಗಳಿವೆ. ಹುಟ್ಟು ಹಾಕುವವರು ದೋಣಿಗೆ ಕವುಚಿಕೊಂಡು ಜೀವ ಹಿಡಿದಿದ್ದಾರೆ. ಹೊಸ ವರ್ಷಕ್ಕೆ, ಗೆಳೆಯರ ಹುಟ್ಟುಹಬ್ಬಕ್ಕೆ, ಪರೀಕ್ಷೆ ಮುಗಿಸಿದ ಹುಡುಗರಿಗೆ ಇದು ಸೊಗಸು. ನವದಂಪತಿಗೆ ಬೇಡ. ಐವಜೋವ್ಸ್ಕಿಯ ‘ಒಂಬತ್ತನೆಯ ಅಲೆ’ (1850) ಒಡೆದ ಹಡಗಿನ ಕಂಬಕ್ಕೆ ಜೋತುಬಿದ್ದವರ ಚಿತ್ರ. ಆದರೆ ಅವರೆದುರು ಸೂರ್ಯ ಹುಟ್ಟುತ್ತಿದ್ದಾನೆ. ದೊಡ್ಡ ಕಾಯಿಲೆಯಿಂದ ಎದ್ದವರಿಗೆ ಕಳಿಸಬಹುದಾದ ಚಿತ್ರವಿದು. ಇನ್ನೂ ಹಾಸಿಗೆಯಲ್ಲಿರುವವರಿಗೆ ಕಳಿಸಬಾರದು.

ಹೊಸ ಅಂಗಡಿ, ಹೊಸ ಕೆಲಸ, ಮಗನ ಕಾಲೇಜು ಎಂದರೆ ವಿನ್ಸ್ಲೋ ಹೋಮರ್‌ನ ‘ಬ್ರೀಜಿಂಗ್ ಅಪ್’ (1873–76, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್). ಒಬ್ಬ ಹಿರಿಯ, ಮೂವರು ಹುಡುಗರು, ಗಾಳಿ ತುಂಬಿದ ಹಾಯಿ. ಅಪಶಕುನ ಹುಡುಕಿದರೂ ಸಿಗದು. ದುಬೈ, ಜೆಡ್ಡಾಗಳಿಂದ ವರ್ಷಗಳ ಮೇಲೆ ಮನೆಗೆ ಬರುವವರಿಗೆ ಡಚ್ ಕಲಾವಿದ ಹೆಂಡ್ರಿಕ್ ವ್ರೂಮ್‌ನ ಚಿತ್ರವೊಂದಿದೆ: ಪೂರ್ವದೇಶಗಳ ಯಾತ್ರೆ ಮುಗಿಸಿದ ಹಡಗುಗಳು 1599ರಲ್ಲಿ ಆಮ್ಸ್ಟರ್‌ಡ್ಯಾಮ್‌ಗೆ ಮರಳಿದ ನೋಟ, ಸುತ್ತ ಸ್ವಾಗತಿಸಲು ಬಂದ ದೋಣಿಗಳ ಸಂತೆ. ಆ ಹಡಗುಗಳು ಹೊತ್ತು ತಂದ ಮೆಣಸು ಲವಂಗದ ಹಿಂದೆಯೇ ವಸಾಹತಿನ ಕಥೆಯೂ ಶುರುವಾಗುತ್ತದೆ ಎಂಬುದು ಚರಿತ್ರೆ ಓದಿದವರ ಮನಸ್ಸಿಗೆ ಬಂದೇ ಬರುತ್ತದೆ. ಮನೆಗೆ ಮರಳುವ ಸಡಗರ ಮುಖ್ಯವಾದರೆ ಚಿತ್ರ ನಿಲ್ಲುತ್ತದೆ.

ಒಂದನ್ನಂತೂ ಯಾವ ಸಂದರ್ಭಕ್ಕೂ ಮುಟ್ಟಬೇಡಿ. ಟರ್ನರ್‌ನದೇ ‘ದಿ ಸ್ಲೇವ್ ಶಿಪ್’ (1840, ಬಾಸ್ಟನ್ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್). ಮೊಬೈಲ್ ಪರದೆಯಲ್ಲಿ ಬೆಂಕಿಬಣ್ಣದ ಸೂರ್ಯಾಸ್ತದಂತೆ ಕಾಣುತ್ತದೆ. ಹಿಗ್ಗಿಸಿದರೆ ಕೆಳಗಿನ ನೀರಿನಲ್ಲಿ ಸಂಕೋಲೆ ತೊಡಿಸಿದ ಕಾಲು ಕಾಣುತ್ತದೆ. ಹಡಗಿನಿಂದ ಕಡಲಿಗೆ ಎಸೆದ ಗುಲಾಮರ ಚಿತ್ರವದು. ‘ಸೂರ್ಯಾಸ್ತ, ಹಡಗು’ ಎಂದು ಹುಡುಕಿದವರ ಎದುರು ಇದೂ ಬಂದು ನಿಲ್ಲುತ್ತದೆ.

ನಮ್ಮ ಸೀಮೆಗೆ ಹತ್ತಿರದವು

ಕಡಲಿಲ್ಲದ ಊರಿಗೆ ಹಡಗಿನ ಚಿತ್ರವೇಕೆ ಎಂದು ಕೇಳುವವರಿಗೆ ಬೀದರ್ ಕೋಟೆಯ ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನಚಿಪ್ಪು ತೋರಿಸಿದರೆ ಸಾಕು. ಬಹಮನಿ ಸೈನ್ಯದ ಕುದುರೆಗಳು ಅರೇಬಿಯಾ ಪರ್ಷಿಯಾಗಳಿಂದ ಹಡಗೇರಿ ಚೌಲ್, ದಾಬೋಲ್ ಬಂದರುಗಳಿಗೆ ಇಳಿದು ಇಲ್ಲಿಗೆ ಬರುತ್ತಿದ್ದವು. ರಷ್ಯದ ವರ್ತಕ ಅಫನಾಸಿ ನಿಕಿಟಿನ್ ಹೀಗೆಯೇ ಒಂದು ಕುದುರೆಯನ್ನು ಚೌಲ್‌ಗೆ ಇಳಿಸಿ, 1469ರ ಹೊತ್ತಿಗೆ ಬೀದರ್ ತಲುಪಿದ. 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನನೂ ಗೀಲಾನ್‌ನಿಂದ ದಾಬೋಲ್ ಬಂದರಿನ ದಾರಿಯಾಗಿ ಬಂದವನೇ.

ಈ ನಂಟು ಕಾಣಿಸಬೇಕಾದರೆ ಯುರೋಪಿನ ಹಡಗು ಬಿಟ್ಟು ಅರಬ್ ಚಿತ್ರಕಾರ ಅಲ್-ವಾಸಿತಿಯ ಹಡಗು ನೋಡಿ. ಅಲ್-ಹರೀರಿಯ ‘ಮಖಾಮಾತ್’ ಎಂಬ ಕಥಾಗ್ರಂಥಕ್ಕೆ 1237ರಲ್ಲಿ ಬರೆದ ಚಿತ್ರ, ಹಸ್ತಪ್ರತಿ ಈಗ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಹಗ್ಗದಿಂದ ಹೊಲಿದ ಹಲಗೆಗಳು, ಕಿಂಡಿಗಳಲ್ಲಿ ಇಣುಕುವ ಪ್ರಯಾಣಿಕರು. ಈದ್ ಕಾರ್ಡಿಗೆ ಇದರ ಮುಂದೆ ಬೇರೆ ಯಾವುದೂ ನಿಲ್ಲದು. ಕಡಿಮೆ ಬಣ್ಣ, ದಪ್ಪ ಗೆರೆ, ಹಾಗಾಗಿ ಸಾಧಾರಣ ಮಷೀನಿನಲ್ಲೂ ಅಚ್ಚು ಕೆಡುವುದಿಲ್ಲ.

ಇನ್ನೊಂದು ಬಗೆ ಹಳೆಯ ಬಂದರುಗಳ ತಾಮ್ರದ ತಗಡಿನಲ್ಲಿ ಕೊರೆದು ತೆಗೆದ ಅಚ್ಚು. ಬ್ರೌನ್ ಮತ್ತು ಹೋಗೆನ್‌ಬರ್ಗ್ ಅವರ ನಗರಚಿತ್ರಗಳ ಮೊದಲ ಸಂಪುಟದಲ್ಲಿ (1572) ಕಲ್ಲಿಕೋಟೆಯ ನೋಟವಿದೆ. ಕಡಲಲ್ಲಿ ಹಡಗುಗಳು, ದಡದಲ್ಲಿ ಆನೆ. ಗೋಡೆಗೆ ಇದು ಚೆಂದ, ಕಾರ್ಡಿಗೆ ಕಷ್ಟ. ನಲವತ್ತು ಸೆಂ.ಮೀ. ದಾಟುವ ಹಾಳೆಯನ್ನು ಕಾರ್ಡಿನ 148 ಮಿ.ಮೀ. ಅಗಲಕ್ಕೆ ಇಳಿಸಿದರೆ 2 ಮಿ.ಮೀ. ಅಕ್ಷರ ಮುಕ್ಕಾಲು ಮಿ.ಮೀ. ಆಗಿ ಕೂದಲಿನಂತೆ ಕಾಣುತ್ತದೆ. ಪುಸ್ತಕದಲ್ಲಿ ನಡುವೆ ಮಡಿಚಿ ಹೊಲಿದ ಹಾಳೆಯಾದ್ದರಿಂದ ಸ್ಕ್ಯಾನಿನಲ್ಲಿ ನಡುಗೆರೆಯ ನೆರಳೂ ಇರುತ್ತದೆ. ಪೂರ್ತಿ ನಕ್ಷೆ ಬೇಡ. ಒಂದು ಹಡಗನ್ನೋ ಆನೆಯನ್ನೋ ಮಾತ್ರ ಬಿಡಿಸಿ ತೆಗೆದು ದೊಡ್ಡದಾಗಿ ಹಾಕಿ.

ಫೈಲು ಎಲ್ಲಿಂದ ತರುವುದು

ಭಾರತದ ಕಾನೂನಿನಲ್ಲಿ ಕಲಾವಿದ ತೀರಿಕೊಂಡ ಮೇಲೆ 60 ವರ್ಷದವರೆಗೆ ಕೃತಿಸ್ವಾಮ್ಯ ಇರುತ್ತದೆ. ಮೇಲೆ ಹೇಳಿದವರೆಲ್ಲ ಅದಕ್ಕೂ ಬಹಳ ಹಿಂದಿನವರು. ಆದರೂ ಸಂಗ್ರಹಾಲಯ ತಾನು ತೆಗೆದ ಫೋಟೋ ಬಳಕೆಗೆ ತನ್ನ ಷರತ್ತು ಹಾಕಿರಬಹುದು. ರೈಕ್ಸ್‌ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ (2017ರಿಂದ), ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ, ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಇವು ಹಕ್ಕು ಮುಗಿದ ಕೃತಿಗಳ ದೊಡ್ಡ ಫೈಲನ್ನು ಮಾರಾಟಕ್ಕೂ ಬಳಸುವಂತೆ ಮುಕ್ತವಾಗಿ ಕೊಡುತ್ತವೆ. ಬ್ರಿಟಿಷ್ ಮ್ಯೂಸಿಯಂ ಫೈಲು ಸ್ವಂತ ಬಳಕೆಗೆ ಸರಿ, ಮಾರಾಟಕ್ಕಿಲ್ಲ. ಪ್ಯಾರಿಸ್ ಗ್ರಂಥಾಲಯದ ಚಿತ್ರಗಳನ್ನು ಮಾರುವ ಕಾರ್ಡಿಗೆ ಬಳಸುವ ಮೊದಲು ಅವರ ಷರತ್ತು ನೋಡಿ. ‘ಮಹಾ ಅಲೆ’ಯ ಪ್ರತಿಗಳು ಮೆಟ್ರೊಪಾಲಿಟನ್‌ನಲ್ಲೂ ಶಿಕಾಗೋದಲ್ಲೂ ಇವೆ. ಮರದಚ್ಚಾದ್ದರಿಂದ ಒಂದೊಂದು ಪ್ರತಿಯ ಆಕಾಶದ ಬಣ್ಣ ಒಂದೊಂದು ಥರ. ನಾಲ್ಕಾರು ಪ್ರತಿ ನೋಡಿ ಆರಿಸಿ.

ಎ6 ಅಳತೆಗೆ (105 × 148 ಮಿ.ಮೀ.) 300 ಪಿಪಿಐ, ಅಂದರೆ ಇಂಚಿಗೆ 300 ಪಿಕ್ಸೆಲ್, ಲೆಕ್ಕದಲ್ಲಿ 1240 × 1748 ಪಿಕ್ಸೆಲ್ ಬೇಕು. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ತೆಗೆಯಲೆಂದು ಚಿತ್ರವನ್ನು ಹೆಚ್ಚಿಗೆ ಹರಿಸುವ ಅಂಚು) ಸೇರಿಸಿದರೆ 1311 × 1819. 5 × 7 ಇಂಚಿಗೆ 1500 × 2100. ಪ್ರೆಸ್ಸಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಹಾಯಿಯ ಹಗ್ಗಗಳೆಲ್ಲ ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ. ಪುಸ್ತಕದಿಂದಲೋ ಹಳೆಯ ಕ್ಯಾಲೆಂಡರಿನಿಂದಲೋ ಸ್ಕ್ಯಾನ್ ಮಾಡಿದ್ದು ಬೇಡವೇ ಬೇಡ: ಅದರಲ್ಲಿ ಆಗಲೇ ಅಚ್ಚಿನ ಚುಕ್ಕಿಗಳಿವೆ, ಅವುಗಳ ಮೇಲೆ ಹೊಸ ಚುಕ್ಕಿ ಬಿದ್ದು ಆಕಾಶದ ತುಂಬ ಜಾಳಿಗೆಯಂಥ ಅಲೆಗಳು ಮೂಡುತ್ತವೆ.

ಅಳತೆ

ಹೋಲಿಸಬೇಕಾದವು ಮುಖ್ಯವಾಗಿ ಎರಡು: ಎ5 ಹಾಳೆ ಮಡಿಸಿದ ಎ6 (105 × 148 ಮಿ.ಮೀ.) ಮತ್ತು ಮಡಿಸಿದಾಗ 5 × 7 ಇಂಚು ಆಗುವ ಕಾರ್ಡು. ಎರಡರ ಪ್ರಮಾಣವೂ ಹತ್ತಿರ ಹತ್ತಿರ 1:1.4. ಆದ್ದರಿಂದ ಚಿತ್ರ ಕೂರುವ ರೀತಿ ಒಂದೇ, ವ್ಯತ್ಯಾಸ ಬರುವುದು ಖರ್ಚಿನಲ್ಲಿ. ಡಿಜಿಟಲ್ ಪ್ರೆಸ್ಸಿನ 13 × 19 ಇಂಚಿನ ಹಾಳೆಯಲ್ಲಿ ಬ್ಲೀಡ್ ಸಮೇತ ಎ6 ಕಾರ್ಡು ನಾಲ್ಕು ಬರುತ್ತವೆ, 5 × 7 ಎರಡೇ. ಹಾಳೆಗಿಷ್ಟು ಎಂದು ದುಡ್ಡು ತೆಗೆದುಕೊಳ್ಳುವ ಕಡೆ 5 × 7 ಕಾರ್ಡಿನ ಅಚ್ಚಿನ ಖರ್ಚು ಸರಿಯಾಗಿ ಎರಡರಷ್ಟು. ಪ್ರೆಸ್ಸಿನಲ್ಲಿ 12 × 18 ಹಾಳೆ ಮಾತ್ರ ಇದ್ದರೆ ಇನ್ನೊಂದು ತೊಡಕು: ಬ್ಲೀಡ್ ಸೇರಿ ಎರಡು ಕಾರ್ಡಿನ ಅಗಲ 308 ಮಿ.ಮೀ., ಹಾಳೆಯ ಅಗಲ 305. ಮೂರು ಮಿ.ಮೀ.ಗಾಗಿ ನಾಲ್ಕು ಕಾರ್ಡು ಹಿಡಿಸುವುದಿಲ್ಲ. ಚಿತ್ರದ ಸುತ್ತ ಬಿಳಿ ಅಂಚು ಬಿಟ್ಟರೆ ಬ್ಲೀಡ್ ಬೇಕಾಗುವುದಿಲ್ಲ, ನಾಲ್ಕೂ ಕೂರುತ್ತವೆ.

ಬಿಳಿ ಅಂಚಿಗೆ ನಾವು ಒತ್ತು ಕೊಡುವುದಕ್ಕೆ ಇದೊಂದೇ ಕಾರಣವಲ್ಲ. ‘ಮಹಾ ಅಲೆ’ಯ ಮೂಲ 25.7 × 37.9 ಸೆಂ.ಮೀ., ಅಂದರೆ 1:1.475. ಎ6 ತುಂಬುವಂತೆ ಹಾಕಿದರೆ ಅಗಲದಲ್ಲಿ ಸುಮಾರು 7 ಮಿ.ಮೀ. ಹೋಗುತ್ತದೆ. ಹೊಕುಸಾಯ್‌ನ ಸಹಿ ಮತ್ತು ಶೀರ್ಷಿಕೆಯ ಪಟ್ಟಿ ಇರುವುದು ಎಡತುದಿಯ ಮೇಲ್ಗಡೆ. ಕತ್ತರಿ ಬೀಳುವುದೂ ಅಲ್ಲಿಗೇ. ಅದರ ಬದಲು ಚಿತ್ರವನ್ನು 136 ಮಿ.ಮೀ. ಅಗಲಕ್ಕೆ ಇಳಿಸಿ. ಎತ್ತರ 92 ಆಗುತ್ತದೆ, ನಾಲ್ಕೂ ಕಡೆ ಆರು ಮಿ.ಮೀ. ಆಸುಪಾಸು ಸಮನಾದ ಅಂಚು ಉಳಿಯುತ್ತದೆ. ಅಂಚು 5 ಮಿ.ಮೀ.ಗಿಂತ ಕಡಿಮೆ ಇಡಬೇಡಿ. ಕಟಿಂಗ್ ಮಷೀನು ಒಂದು ಮಿ.ಮೀ. ಸರಿದರೂ 2 ಮಿ.ಮೀ. ಅಂಚು ಸೊಟ್ಟಗೆ ಕಾಣುತ್ತದೆ, 6 ಮಿ.ಮೀ. ಇದ್ದರೆ ಕಣ್ಣಿಗೆ ಬೀಳುವುದಿಲ್ಲ.

‘ಟೆಮೆರೇರ್’ 90.7 × 121.6 ಸೆಂ.ಮೀ.; ಎ6 ತುಂಬಿಸಿದರೆ ಎತ್ತರದಲ್ಲಿ ಐದಾರು ಮಿ.ಮೀ. ಹೋಗುತ್ತದೆ, ಆಕಾಶದ ಕಡೆಯಿಂದ ತೆಗೆದರೆ ನಷ್ಟವಿಲ್ಲ. ‘ಕ್ಯಾನನ್ ಶಾಟ್’ ನಿಂತ ಚಿತ್ರ, 78.5 × 67. ಇದನ್ನು ನಿಂತ ಎ6ಗೆ ಮೇಲಿನ ಮೂರು ಅಂಚಿಗೆ ತಾಗಿಸಿದರೆ ಕೆಳಗೆ 25 ಮಿ.ಮೀ. ಬಿಳಿ ಪಟ್ಟಿ ಉಳಿಯುತ್ತದೆ. ಶುಭಾಶಯದ ಒಂದು ಸಾಲು ಬರೆಸಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ? ವ್ರೂಮ್‌ನ ಚಿತ್ರದ ಅಗಲ ಎತ್ತರದ ಎರಡರಷ್ಟು. ಅದಕ್ಕೆ ಡಿಎಲ್ (99 × 210) ಬಿಟ್ಟರೆ ಬೇರೆ ಅಳತೆ ಹೊಂದುವುದಿಲ್ಲ. ಚೌಕ ಕಾರ್ಡು ಸಮುದ್ರಚಿತ್ರಕ್ಕೆ ದಂಡ. ದಿಗಂತವೇ ಕತ್ತರಿಸಿ ಹೋದ ಮೇಲೆ ಉಳಿಯುವುದು ಒಂದು ಹಡಗು ಅಷ್ಟೇ.

ಎ5 ಮಡಿಸಿದಾಗ ಮಡಿಕೆ ಬರುವುದು 148ರ ಬದಿಗೆ. ಅಡ್ಡ ಚಿತ್ರಕ್ಕೆ ಹೀಗೆ ಮಾಡಿದರೆ ಕಾರ್ಡು ಮೇಲಕ್ಕೆ ತೆರೆಯುತ್ತದೆ, ಮೇಜಿನ ಮೇಲೆ ಡೇರೆಯಂತೆ ನಿಲ್ಲುತ್ತದೆ. ಪುಸ್ತಕದಂತೆ ಎಡಕ್ಕೆ ತೆರೆಯಬೇಕೆಂದರೆ 296 × 105ರ ಉದ್ದ ಪಟ್ಟಿ ಬೇಕು. 13 × 19ರಲ್ಲಿ ಅದೂ ನಾಲ್ಕೇ ಬರುತ್ತದೆ, ಖರ್ಚು ಏರುವುದಿಲ್ಲ. ಮೊದಲೇ ಹೇಳದಿದ್ದರೆ ಒಳಗಿನ ಬರಹ ತಲೆಕೆಳಗಾಗಿ ಅಚ್ಚಾಗುವುದು ಸಾಮಾನ್ಯ. ಬಿಳಿ ಕಾಗದ ಮಡಿಸಿ, ಮುಖ, ಒಳಗೆ, ಬೆನ್ನು ಎಂದು ಪೆನ್ನಿನಲ್ಲಿ ಬರೆದ ಡಮ್ಮಿ ಕೈಗೆ ಕೊಡಿ.

ಸಿದ್ಧ ಕಾರ್ಡು ಕೊಳ್ಳುವುದೋ, ಇಲ್ಲೇ ಮಾಡಿಸುವುದೋ

ಸಂಗ್ರಹಾಲಯಗಳ ಅಂಗಡಿಯಿಂದ ತರಿಸುವ ಕಾರ್ಡಿನ ಬಣ್ಣ ಒಳ್ಳೆಯದಿರುತ್ತದೆ, ಒಳಪುಟ ಖಾಲಿ. ಐದಾರು ಕಾರ್ಡಿಗೆ ಸಾಗಣೆ ಮತ್ತು ಸುಂಕವೇ ಕಾರ್ಡಿನ ಬೆಲೆ ಮೀರುತ್ತದೆ. ಅಲ್ಲಿಂದ ಬರುವ ಯಾರಾದರೂ ತಂದರೆ ಮಾತ್ರ ಲಾಭ. ಆನ್‌ಲೈನಿನಲ್ಲಿ ಹತ್ತು ಇಪ್ಪತ್ತು ಕಾರ್ಡು ಅಚ್ಚು ಮಾಡಿಕೊಡುವವರು ಚಿತ್ರವನ್ನು ತಮ್ಮ ಟೆಂಪ್ಲೇಟಿಗೆ ತಾವೇ ಕತ್ತರಿಸಿಕೊಳ್ಳುತ್ತಾರೆ. ಅಂಚು ಸೇರಿಸಿದ ಪೂರ್ತಿ ಪುಟವನ್ನೇ ಚಿತ್ರವಾಗಿ ಏರಿಸಿದರೆ ಅದನ್ನು ತಪ್ಪಿಸಬಹುದು. ಪ್ರೂಫ್ (ಮೊದಲ ಮಾದರಿ ಅಚ್ಚು) ಕೈಗೆ ಸಿಗದು ಎಂಬುದೇ ದೊಡ್ಡ ಕೊರತೆ.

25ರಿಂದ 300 ಕಾರ್ಡಿನವರೆಗೆ ಊರಿನ ಡಿಜಿಟಲ್ ಪ್ರೆಸ್ಸೇ ಸರಿ. ಒಂದು ಹಾಳೆ ತೆಗೆಸಿ ನೋಡಿ, ತಿದ್ದಿ, ಉಳಿದದ್ದು ಹಾಕಿಸಬಹುದು. ಐನೂರು ದಾಟಿದರೆ ಆಫ್‌ಸೆಟ್ ಕೇಳಿ. ನಾಲ್ಕು ಪ್ಲೇಟಿನ ಖರ್ಚು ಹಂಚಿಹೋಗಿ ಕಾರ್ಡಿಗೆ ಅಗ್ಗವಾಗುತ್ತದೆ. ಮದುವೆ ಕಾರ್ಡಿಗಾಗಿ ಹೇಗೂ ಹೈದರಾಬಾದಿಗೆ ಹೋಗುವವರು ಇದನ್ನೂ ಅಲ್ಲೇ ಸೇರಿಸಿಕೊಳ್ಳಬಹುದು. ಹತ್ತು ಕಾರ್ಡು ಸಾಕೆಂದರೆ ಮನೆಯ ಇಂಕ್‌ಜೆಟ್ ಆದೀತು, ಆದರೆ ಪಿಗ್ಮೆಂಟ್ ಶಾಯಿ ಇರಬೇಕು. ಡೈ ಶಾಯಿಯ ನೀಲಿ ನಮ್ಮ ಬೇಸಿಗೆಯ ಕಿಟಕಿ ಬೆಳಕಿಗೆ ಮಾಸುತ್ತದೆ, ಒದ್ದೆ ಬೆರಳು ತಾಗಿದರೆ ಹರಡುತ್ತದೆ. ಸ್ಟುಡಿಯೋದಲ್ಲಿ 4 × 6 ಫೋಟೋ ತೊಳೆಸಿ ಕಾರ್ಡಿಗೆ ಅಂಟಿಸುವ ದಾರಿಯೂ ಇದೆ. ನೀರಿನ ಗೋಂದು ಹಾಕಿದರೆ ಕಾರ್ಡು ಬಾಗುತ್ತದೆ, ಎರಡೂ ಬದಿ ಅಂಟುವ ಟೇಪು ಬಳಸಿ.

ಕಾಗದ, ನೀಲಿ, ಮಡಿಕೆ

ಎರಡೂ ಬದಿ ನುಣುಪಿರುವ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ಒಳಗೆ ಬರೆಯಲು ತೊಂದರೆ. ಜೆಲ್ ಪೆನ್ನೂ ಶಾಯಿ ಪೆನ್ನೂ ಒರಸಿಹೋಗುತ್ತವೆ, ಬಾಲ್ ಪೆನ್ನೇ ಬೇಕು. ಕೈಬರಹ ಮುಖ್ಯವಾದರೆ ಒಂದೇ ಬದಿ ನುಣುಪಿರುವ, ಹಿಂಬದಿ ಬಿಳಿಯ ಬೋರ್ಡ್ ಕೇಳಿ. ‘ಡುಪ್ಲೆಕ್ಸ್’ ಎಂದು ಕೊಟ್ಟರೆ ತಿರುಗಿಸಿ ನೋಡಿ. ಹಿಂಬದಿ ಬೂದು ಬಣ್ಣದ್ದು ಮಿಠಾಯಿ ಡಬ್ಬಿಯ ರಟ್ಟು. ಉಬ್ಬುತಗ್ಗಿನ ಕಾಗದ ಹಳೆಯ ಚಿತ್ರಕ್ಕೆ ಒಪ್ಪುತ್ತದೆಂದು ಆಸೆಪಡುವವರು ಬಹಳ. ಲೇಸರ್ ಮಷೀನಿನ ಟೋನರ್ ತಗ್ಗಿಗೆ ಇಳಿಯುವುದಿಲ್ಲ, ಕಪ್ಪು ಕಡಲಿನ ತುಂಬ ಬಿಳಿ ಚುಕ್ಕಿ ಉಳಿಯುತ್ತವೆ. ಆ ಕಾಗದವನ್ನು ಇಂಕ್‌ಜೆಟ್ಟಿಗೋ, ಬರೀ ಗೆರೆಯ ಚಿತ್ರಕ್ಕೋ ಇಡಿ.

ಮೊದಲ ಪ್ರೂಫಿನಲ್ಲಿ ಕೆಡುವುದು ನೀಲಿಯೇ. ಹೊಕುಸಾಯ್‌ನ ಪ್ರಷ್ಯನ್ ನೀಲಿ ಪರದೆಯಲ್ಲಿ ಗಂಭೀರವಾಗಿದ್ದು ಕಾಗದದಲ್ಲಿ ನೇರಳೆಗೆ ತಿರುಗುತ್ತದೆ. ಅಚ್ಚಿನ ಶಾಯಿಗಳಲ್ಲಿ ಮಜೆಂಟಾದ (ಕಡುಗುಲಾಬಿ) ಪ್ರಮಾಣ ಸಯಾನ್‌ಗೆ (ತಿಳಿನೀಲಿ) ತೀರ ಹತ್ತಿರ ಹೋದದ್ದೇ ಕಾರಣ. ಕಡುನೀಲಿಯಲ್ಲಿ ಮಜೆಂಟಾ ಸಯಾನ್‌ಗಿಂತ ಕನಿಷ್ಠ 30 ಅಂಶ ಕಡಿಮೆ ಇರುವಂತೆ ತಿದ್ದಿಸಿ. ಡಚ್ಚರ ಕಂದು-ಬೂದು ಚಿತ್ರಗಳಿಗೆ ಈ ಕಾಟವಿಲ್ಲ, ಆದರೆ ನೆರಳಿನ ಭಾಗ ಒಂದೇ ಕಪ್ಪು ಮುದ್ದೆಯಾಗುತ್ತದೆ. ಕಳಿಸುವ ಮೊದಲೇ ನೆರಳನ್ನು ತುಸು ತೆಳುವಾಗಿಸಿ. ಪ್ರೂಫನ್ನು ಅಂಗಡಿಯ ದೀಪದಡಿ ಒಪ್ಪಬೇಡಿ, ಬಾಗಿಲಾಚೆ ನೆರಳಿಗೆ ಒಯ್ದು ನೋಡಿ.

300 ಜಿಎಸ್‌ಎಂ ಕಾಗದವನ್ನು ಗೆರೆ ಒತ್ತದೆ ಮಡಿಸಿದರೆ ಟೋನರ್ ಸೀಳಿ ಮಡಿಕೆಯುದ್ದಕ್ಕೂ ಬಿಳಿ ಹಲ್ಲು ಮೂಡುತ್ತವೆ. ಕಡುಬಣ್ಣದ ಕಡಲು ಬೆನ್ನಿನವರೆಗೆ ಹರಿದಿದ್ದರಂತೂ ಎದ್ದು ಕಾಣುತ್ತದೆ. ಕ್ರೀಸಿಂಗ್ ಮಾಡಿಸಿ, ಉಬ್ಬು ಒಳಗೆ ಬರುವಂತೆ ಮಡಿಸಿ. ಚಿತ್ರವನ್ನು ಮುಖಕ್ಕಷ್ಟೇ ನಿಲ್ಲಿಸಿ, ಬೆನ್ನು ಬಿಳಿಯಾಗಿರಲಿ. ಅಲ್ಲಿ ಕಲಾವಿದನ ಹೆಸರು, ವರ್ಷ, ಸಂಗ್ರಹಾಲಯ ಸಣ್ಣದಾಗಿ ಬರಲಿ. ಕಾಗದದ ನಾರು ಮಡಿಕೆಯ ದಿಕ್ಕಿಗೇ ಇರಬೇಕು. ಒಂದು ತುಂಡನ್ನು ಎರಡೂ ದಿಕ್ಕಿಗೆ ಮಡಿಸಿದರೆ ಯಾವುದು ನಯವಾಗಿ ಬಗ್ಗುತ್ತದೆಂದು ತಿಳಿಯುತ್ತದೆ. ಮ್ಯಾಟ್ ಲ್ಯಾಮಿನೇಶನ್ ಸೀಳು ತಡೆಯುತ್ತದೆ, ಹೊರಮೈಗೆ ಮಾತ್ರ ಹಾಕಿಸಿ. ಏಪ್ರಿಲ್-ಮೇ ಒಣಹವೆಗೆ ಕಾಗದ ಕುಗ್ಗಿ, ಫಿಲ್ಮು ಕುಗ್ಗದೆ ಕಾರ್ಡು ಒಳಗೆ ಸುರುಳಿಯಾಗುತ್ತದೆ. ಬಂದ ಕೂಡಲೇ ಕಟ್ಟಿನಲ್ಲೇ ಭಾರ ಹೇರಿ ಇಡಿ.

ಒಳಗಿನ ಕನ್ನಡ, ಹೊರಗಿನ ಕವರು

ಮೊಬೈಲಿನಲ್ಲಿ ಟೈಪ್ ಮಾಡಿದ ಯುನಿಕೋಡ್ ಕನ್ನಡವನ್ನು ಪ್ರೆಸ್ಸಿನ ಹಳೆಯ ಕೋರೆಲ್‌ಡ್ರಾಗೆ ಅಂಟಿಸಿದರೆ ಒತ್ತಕ್ಷರಗಳು ಚದುರಿ ಬೀಳುತ್ತವೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ಬದಲಿಸುವಾಗ ಅರ್ಕಾವತ್ತು ತಪ್ಪುವುದೂ ಉಂಟು. ನೀವೇ ಪುಟ ಜೋಡಿಸಿ ಅಕ್ಷರಗಳನ್ನು ಆಕಾರವಾಗಿಸಿದ ಪಿಡಿಎಫ್ ಕೊಡಿ. ಅದಾಗದಿದ್ದರೆ ಅವರಿಂದಲೇ ಟೈಪ್ ಮಾಡಿಸಿ, ‘ಹಾರ್ದಿಕ’, ‘ಶುಭಾಶಯ’, ‘ವಾರ್ಷಿಕೋತ್ಸವ’ ಈ ಪದಗಳನ್ನು ಪ್ರೂಫಿನಲ್ಲಿ ಅಕ್ಷರ ಅಕ್ಷರ ಓದಿ.

ಕವರು ಮೊದಲು ಕೊಂಡು ಆಮೇಲೆ ಕಾರ್ಡು ಕತ್ತರಿಸಿ. ಎ6ಗೆ ಸಿ6 (114 × 162) ಕವರು, ಡಿಎಲ್‌ಗೆ 110 × 220. ಮದುವೆಯ ಕವರುಗಳ ಅಳತೆ ಬೇರೆಯಿರುತ್ತದೆ, ಕಾರ್ಡು ಒಳಗೆ ಆಡಿ ಮೂಲೆ ಮುದುಡುತ್ತದೆ. ಅಂಚೆಗೆ ಹಾಕುವುದಾದರೆ ತೂಕವೂ ಲೆಕ್ಕಕ್ಕೆ ಬರುತ್ತದೆ: 300 ಜಿಎಸ್‌ಎಂ ಎ6 ಕಾರ್ಡು 9.3 ಗ್ರಾಂ, ಕವರು ಸೇರಿ 14ರ ಆಸುಪಾಸು, ಪತ್ರದ ಮೊದಲ 20 ಗ್ರಾಂ ಮಿತಿಯೊಳಗೆ. 5 × 7 ಕಾರ್ಡು 13.5 ಗ್ರಾಂ, ಕವರು ಸೇರಿದರೆ 20ರ ಗಡಿಗೇ ಬರುತ್ತದೆ. 350 ಜಿಎಸ್‌ಎಂ ಆದರೆ ದಾಟುತ್ತದೆ. ಎಲ್ಲಕ್ಕೂ ಅಂಚೆಚೀಟಿ ಅಂಟಿಸುವ ಮೊದಲು ಒಂದನ್ನು ಅಂಚೆ ಕಚೇರಿಯ ತಕ್ಕಡಿಯಲ್ಲಿ ತೂಗಿಸಿ.